ಬೆಳಗಾಗುವಷ್ಟರಲ್ಲಿ ಖಾಲಿ

ದಸರೆಯ ಖಂಡೆ ಪೂಜೆ ಮುಗಿದ ಮೇಲಿನ ವಾರ ನನ್ನನ್ನು ಯಾರೂ ಕೆಣಕಬಾರದು, ಅಷ್ಟು ತಲೆ ಕೆಟ್ಟಿರುತ್ತದೆ. ಬೈಲಹೊಂಗಲದ ಬಜಾರಿನಲ್ಲಿ ನನ್ನದು ಬ್ಯಾಟರಿ ರಿಪೇರಿ ಅಂಗಡಿ. ಹೊಲಕ್ಕೆ ಕ್ರಿಮಿನಾಶಕ ಎಣ್ಣೆ ಹೊಡೆಯುವ ಪಂಪು, ಬ್ಯಾಟರಿ ಸ್ಕೂಟರು, ಡ್ರಿಲ್ ಮಶೀನು, ಯಾವುದೇ ಇರಲಿ, ಚಾರ್ಜು ನಿಲ್ಲುತ್ತಿಲ್ಲ ಅಂದರೆ ಈ ರಾಜೇಶ್ವರಿ ಕಡೆ ತರುತ್ತಾರೆ. ನವಮಿ ದಿನ ಕುಡಗೋಲು, ಕೊಡಲಿ ಇಟ್ಟ ಹಾಗೆ ಇವನ್ನೂ ಜಗಲಿಯ ಮೇಲಿಟ್ಟು, ನೀರಿನಿಂದ ತೊಳೆದು, ವಿಭೂತಿ ಬಳಿದು, ಅರಿಶಿನದ ಭಂಡಾರ ಹಾರಿಸಿ, ಕಾಯಿ ಒಡೆದ ನೀರನ್ನೂ ಮೇಲೆ ಚಿಮುಕಿಸುತ್ತಾರೆ. ಕೊಡಲಿಗೆ ಅದರಿಂದ ಏನೂ ಆಗುವುದಿಲ್ಲ. ಬ್ಯಾಟರಿಗೆ ಆಗುತ್ತದೆ. ದೇವರಿಗೆ ಕೈ ಮುಗಿಯಿರಿ, ಬೇಡ ಅನ್ನುವುದಿಲ್ಲ, ಆದರೆ ಬ್ಯಾಟರಿಗೆ ಜಳಕ ಯಾಕೆ ಮಾಡಿಸುತ್ತೀರಿ ಎಂದು ಪ್ರತಿ ವರ್ಷ ಬಾಯಿ ಮಾಡುತ್ತೇನೆ. ಪ್ರತಿ ವರ್ಷ ತರುತ್ತಾರೆ.

ರೇಣು ಬಂದದ್ದೂ ಆ ವಾರವೇ. ಸಂಗೊಳ್ಳಿಯವಳು, ಇನ್ನೂ ಮೂವತ್ತಾಗಿರದ ಹೆಣ್ಣುಮಗಳು. ಅವಳ ಗಂಡ ಅರ್ಜುನ ಮನೆ ಮನೆಗೆ ಹೋಗಿ ಕಿಟಕಿಗೆ ಸೊಳ್ಳೆ ಜಾಲರಿ, ಪರದೆಯ ರಾಡು ಕೂಡಿಸುತ್ತಿದ್ದ. ಕಳೆದ ಕಬ್ಬಿನ ಹಂಗಾಮಿನಲ್ಲಿ, ಸಂಜೆ ಊರಿಗೆ ಮರಳುವಾಗ, ಹಿಂದೆ ಕೆಂಪು ದೀಪವಿಲ್ಲದ ಕಬ್ಬಿನ ಟ್ರೇಲರಿಗೆ ಅವನ ಬೈಕು ಗುದ್ದಿತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ಅಲ್ಲಿಯವರೆಗೆ ಏಣಿ ಹಿಡಿಯಲು ಜೊತೆಗೆ ಹೋಗುತ್ತಿದ್ದ ರೇಣು ಆಮೇಲೆ ತಾನೇ ಏಣಿ ಹತ್ತಿದಳು. ಹಗಲು ಹೆಂಗಸರೇ ಇರುವ ಮನೆಗಳವರು ಅವಳನ್ನೇ ಕರೆಯತೊಡಗಿದರು. ನನಗೆ ಅದನ್ನು ಕಂಡು ಖುಷಿಯಾಗಿತ್ತು.

"ಅಕ್ಕಾರ, ಈ ಬ್ಯಾಟರಿಗೆ ಏನಾಗೇತಿ ನೋಡ್ರಿ," ಎಂದು ಗಂಡನ ಡ್ರಿಲ್ ಮಶೀನಿನ ಬ್ಯಾಟರಿಯನ್ನು ಮೇಜಿನ ಮೇಲಿಟ್ಟಳು. "ಸಂಜಿಮುಂದ ಚಾರ್ಜ್ ಮಾಡಿ ಇಟ್ಟಿರತೇನಿ, ಮೂರೂ ದೀಪ ಹತ್ತಿರತಾವ. ನವಮಿ ಆದಾಗಿಂದ ಬೆಳಗಾಗೋದ್ರಾಗ ಖಾಲಿ."

"ಸೋರಿ ಹೋಗಾಕ ಅದೇನ ತೂತ ಬಿದ್ದ ಕೊಡಾನ? ತಾ ಇಲ್ಲೆ," ಎಂದೆ.

ತಿರುಪು ಬಿಚ್ಚಿ ಡಬ್ಬಿ ತೆಗೆದೆ. ಒಳಗೆ ಮೂರು ಸೆಲ್. ಇಂಥ ಬ್ಯಾಟರಿ ಕೆಟ್ಟರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಸೋತು ಕೂತಿರುತ್ತದೆ, ಉಳಿದೆರಡು ಗಟ್ಟಿಯಾಗಿರುತ್ತವೆ. ಮೀಟರ್ ಹಚ್ಚಿ ನೋಡಿದರೆ ಮೂರೂ ಒಂದೇ ಸಮ ಇಳಿದಿದ್ದವು. ಅಲ್ಲೇ ನಾನು ಒಂದು ಗಳಿಗೆ ನಿಂತು ಯೋಚಿಸಬೇಕಿತ್ತು. ಆದರೆ ಅಷ್ಟರಲ್ಲಿ ಮಶೀನಿಗೆ ಕೂಡುವ ತಗಡಿನ ಸಂದಿಯಲ್ಲಿ ಹಳದಿ ಕಂಡಿತು, ಭಂಡಾರ, ತೇವ ಹಿಡಿದು ಗಟ್ಟಿಯಾದ ಭಂಡಾರ. ನನ್ನ ಪಿತ್ತ ನೆತ್ತಿಗೇರಿತು.

"ಯಾರವ್ವಾ ಇದಕ್ಕ ಪೂಜಿ ಮಾಡಿದ ಪುಣ್ಯಾತಗಿತ್ತಿ?"

"ನಮ್ಮ ಅತ್ತಿರೀ. ಹಬ್ಬ ಮಾಡಿಲ್ರಿ, ವರ್ಷದೊಳಗ ನಾವು ಹಬ್ಬ ಮಾಡಂಗಿಲ್ಲ. ಈ ಮಶೀನಿಗೊಂದ ಭಂಡಾರ ಹಚ್ಚಿ ಕಾಯಿ ಒಡದ್ರು."

ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಸ್ಪಿರಿಟ್ ಹಾಕಿ ಬ್ರಶ್ಶಿನಿಂದ ತಿಕ್ಕಿದೆ, ಒಣಗಿಸಿದೆ. ತೇವದ ಭಂಡಾರದ ಮೂಲಕ ಕರೆಂಟು ಸೋರಿ ಹೋಗುತ್ತಿತ್ತು, ಇನ್ನು ಹೋಗುವುದಿಲ್ಲ ಎಂದು ಹೇಳಿದೆ. "ರಾತ್ರಿ ಮಶೀನಿನಾಗಿಂದ ಬ್ಯಾಟರಿ ತಗದ ಬ್ಯಾರೆ ಇಡು, ತಿಳೀತಿಲ್ಲ?" ಅಂದೆ. ಅವಳು ಹೂಂ ಅಂದಳು.

ವಾರ ಕಳೆಯುವ ಮೊದಲೇ ಮತ್ತೆ ಬಂದಳು, ಮುಖ ಬಾಡಿತ್ತು. ಊರ ಹೊರಗೆ ಹೊಸದಾಗಿ ಕಟ್ಟುತ್ತಿದ್ದ ಒಂದು ಹಾಸ್ಟೆಲಿನ ಅಷ್ಟೂ ಕಿಟಕಿಗಳಿಗೆ ಜಾಲರಿ ಕೂಡಿಸುವ ಕೆಲಸ ಅವಳಿಗೆ ಸಿಕ್ಕಿತ್ತು. ಆ ಕಟ್ಟಡಕ್ಕೆ ಇನ್ನೂ ಕರೆಂಟು ಬಂದಿಲ್ಲ, ಬ್ಯಾಟರಿ ಮಶೀನೇ ಗತಿ. ಬೆಳಿಗ್ಗೆ ಖಾಲಿ ಇದ್ದದ್ದನ್ನು ಕಂಡು ಅವಸರದಲ್ಲಿ ಚಾರ್ಜಿಗೆ ಹಾಕಿ, ಬಸ್ಸು ತಪ್ಪುತ್ತದೆಂದು ಅರ್ಧಕ್ಕೇ ಕಿತ್ತುಕೊಂಡು ಹೋಗಿದ್ದಳು. ತಿರುಪು ಅರ್ಧ ಇಳಿದಿರುವಾಗ ಮಶೀನು ಏಣಿಯ ಮೇಲೇ ನಿಂತು ಹೋಯಿತು.

"ಗುತ್ತೇದಾರ ಸುಭಾಸ ಏನಂದಾ?" ಎಂದು ಕೇಳಿದೆ.

"ಇನ್ನೊಮ್ಮೆ ಹಿಂಗಾತಂದ್ರ ಬ್ಯಾರೇದವರಿಗೆ ಕೊಡತೇನಿ ಅಂದ್ರು. ಹೂಲಿಂದ ನಮ್ಮ ಅಣ್ಣಾರು ಫೋನ್ ಹಚ್ಚಿದ್ರು. 'ಸತ್ತ ಗಂಡನ ಮಶೀನ ನೀ ಹಿಡಿಯೋದು ಅವಂಗ ಮನಸಿಲ್ಲ, ಅದಕ್ಕ ಹಿಂಗ ಆಗಾಕತ್ತೇತಿ. ಬಿಟ್ಟ ತವರಿಗೆ ಬಾ' ಅಂತಾರ." ಬ್ಯಾಟರಿ ನನ್ನ ಕಡೆ ಸರಿಸಿ ಕೇಳಿದಳು, "ಅವರಿಗೆ ಖರೇನ ಮನಸಿಲ್ಲೇನ್ರಿ ಅಕ್ಕಾರ?"

"ಸತ್ತವರ ಮನಸ್ಸು ಮೀಟರಿಗೆ ತೋರಸಂಗಿಲ್ಲವ್ವಾ. ನಿನ್ನ ಅಣ್ಣಾರಿಗೆ ಕೆಲಸಿಲ್ಲ, ಬೊಗಸಿಲ್ಲ. ನೀ ಇಲ್ಲೇ ದುಡಕೊಂಡ ಇರಬೇಕಂತೀಯೋ, ಹೂಲಿಗೆ ಹೋಗಿ ಅತ್ತಿಗಿಯರ ಕೈಯಾಗ ರೊಟ್ಟಿ ಬೇಡಕೊಂಡ ತಿನ್ನಬೇಕಂತೀಯೋ?"

"ಇಲ್ಲೇ ಇರಬೇಕ್ರಿ. ಅತ್ತಿನ ಒಬ್ಬಾಕೀನ ಬಿಟ್ಟ ಎಲ್ಲಿಗೆ ಹೋಗ್ಲಿ?"

"ಹಂಗಾರ ಬ್ಯಾಟರಿ ಇಲ್ಲೇ ಬಿಡು. ಅದರ ಹಕೀಕತ್ತ ನಾ ನೋಡತೇನಿ."

ಪೂರ್ತಿ ಚಾರ್ಜು ಮಾಡಿ ಕಪಾಟಿನಲ್ಲಿಟ್ಟೆ. ಮರುದಿನ ನೋಡಿದೆ, ಅದರ ಮರುದಿನವೂ ನೋಡಿದೆ. ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಬೇರೆ ಡ್ರಿಲ್ಲಿಗೆ ಹಾಕಿ ಗೋಡೆಗೆ ತೂತು ಹೊಡೆದೆ, ಸಲೀಸಾಗಿ ಓಡಿತು. ಅವಳ ಚಾರ್ಜರನ್ನೂ ಬಿಚ್ಚಿ ನೋಡಿದೆ, ಅದರಲ್ಲೂ ಏನೂ ಇಲ್ಲ. ನನ್ನ ಅವಸ್ಥೆ ನೋಡಿ ಪಕ್ಕದ ಚಹಾದಂಗಡಿಯ ಅಂದಾನೆಪ್ಪ ಹಲ್ಲು ಕಿಸಿದ. "ರಾಜಕ್ಕಾ, ಅದಕ್ಕೂ ತವರಮನಿ ಬೇಕಾಗೇತಿ ನೋಡ. ನಿನ್ನ ಕಡೆ ಇದ್ರ ಎಷ್ಟ ಆರಾಮೈತಿ!" ನಾನು ಅವನಿಗೆ ಚಹಾ ಕಾಸುವುದನ್ನು ಮೊದಲು ಕಲಿ ಎಂದೆ.

ರೇಣು ಬಂದಾಗ ಬ್ಯಾಟರಿಯಲ್ಲಿ ದೋಷವೇ ಇಲ್ಲ ಎಂದು ಹೇಳಿದೆ. ನಗಬೇಕಾಗಿದ್ದವಳು ಬ್ಯಾಟರಿ ಮುಟ್ಟದೆ ಬೆಂಚಿನ ಮೇಲೆ ಕೂತಳು.

"ನಿಮಗ ಒಂದ ಮಾತ ಹೇಳಿರಲಿಲ್ರಿ," ಎಂದಳು. "ಮುಂಜಾನೆ ಹೊಲದ ಕೊಟ್ಟಿಗ್ಯಾಗ ಎಮ್ಮಿ ಹಿಂಡಿ, ಡೇರಿಗೆ ಹಾಲ ಹಾಕಿ ಬರತೇನಿ. ನಮ್ಮ ಓಣಿ ತಿರಗತೇನಲ್ರಿ, ಅಲ್ಲೇ ಕೇಳಸತೈತಿ, ಮಶೀನ ತಿರಗೂ ಸಪ್ಪಳ. ಅವರು ಅಂಗಳದಾಗ ಚೌಕಟ್ಟ ಮಾಡೂಮುಂದ ಕೇಳತಿತ್ತಲ್ಲ, ಹಂಗ. ಒಳಗ ಕಾಲಿಡೋದ್ರಾಗ ಬಂದ್. ಮಶೀನ ಅವರ ಫೋಟೋದ ಮುಂದ ನಾ ಇಟ್ಟಲ್ಲೇ ಇರತೈತಿ. ಅತ್ತಿ ಒಲಿ ಮುಂದ ಇರತಾರ. ಮುಟ್ಟಿ ನೋಡಿದ್ರ ಬೆಚ್ಚಗ, ಯಾರೋ ಈಗ ಕೈಯಾಗಿಂದ ಕೆಳಗಿಟ್ಹಂಗ."

ಸುಳ್ಳು ಯಾಕೆ ಹೇಳಲಿ, ನಾನೂ ಅಂಜಿದೆ. ಬಜಾರಿನ ನಡುವೆ, ಬಿಸಿಲು ಸುಡುವ ಹೊತ್ತಿನಲ್ಲಿ, ಕೈಯಲ್ಲಿದ್ದ ಆ ಬ್ಯಾಟರಿಯನ್ನು ಕೆಳಗಿಟ್ಟುಬಿಟ್ಟೆ.

"ಅತ್ತಿಗೆ ಕೇಳಿದಿಯೇನ?"

"ಕೇಳೀನ್ರಿ. 'ಒಳಗ ಸಪ್ಪಳ ಬಂತಲ್ರಿ' ಅಂದೆ. 'ಹೂಂ, ಬರತೈತಿ' ಅಂದ್ರು. ಅಷ್ಟ. ಈ ಬ್ಯಾಟರಿ ನಿಮ್ಮ ಕಡೆ ಇದ್ದಾಗ ಸಪ್ಪಳ ಬಂದಿಲ್ರಿ. ಅತ್ತಿನೂ ಸರಿಯಾಗಿ ತುತ್ತ ಎತ್ತಿಲ್ಲ."

ನೀರು ಕುಡಿದ ಮೇಲೆ ನನ್ನ ತಲೆ ಜಾಗಕ್ಕೆ ಬಂತು. ರಾತ್ರಿಯೆಲ್ಲ ನಿಧಾನಕ್ಕೆ ಸೋರಿ ಹೋದ ಬ್ಯಾಟರಿ ಬೆಳಿಗ್ಗೆ ತಣ್ಣಗಿರುತ್ತದೆ. ಬೆಚ್ಚಗಿದೆ ಅಂದರೆ ಅದು ಆಗಷ್ಟೇ ಮಶೀನನ್ನು ನಡೆಸಿದೆ. ಮೂರೂ ಸೆಲ್ ಒಂದೇ ಸಮ ಇಳಿದದ್ದೂ ಅದಕ್ಕೇ. ಇಷ್ಟು ಸೀದಾ ಮಾತು ನನಗೆ ಮೊದಲೇ ಹೊಳೆಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಭಂಡಾರದ ಮೇಲೆ ತಪ್ಪು ಹಾಕಿ ಕೂತಿದ್ದೆ.

"ಅದನ್ನ ಯಾರೋ ನಡಸಾಕತ್ತಾರ," ಎಂದೆ. "ಮನ್ಯಾಗ ಅತ್ತಿ ಬಿಟ್ರ ಮತ್ಯಾರು?"

"ಯಾರೂ ಇಲ್ರಿ. ಅತ್ತಿ ಮಿಕ್ಸರಿನ ಗುಂಡೀನೂ ಒತ್ತಂಗಿಲ್ಲ. ಕರೆಂಟ್ ಅಂದ್ರ ಅಂಜತಾರ."

"ಬ್ಯಾಟರಿ ತಗದ ಬ್ಯಾರೆ ಇಡು ಅಂದಿದ್ನೆಲ್ಲ, ಇಟ್ಟಿದ್ದಿ?"

ಅವಳು ಸೆರಗಿನ ತುದಿ ನೋಡುತ್ತ ಕೂತಳು. ನನಗೆ ಸಿಟ್ಟು ಬಂತು. ನನ್ನ ಕೈಯ ಕೆಲಸಕ್ಕೆ ದೆವ್ವದ ಹೆಸರು ಬರುವುದನ್ನು ನಾನು ಸಹಿಸುವವಳಲ್ಲ. ನಾಳೆ ಮೊದಲ ಬಸ್ಸಿಗೆ ಸಂಗೊಳ್ಳಿಗೆ ಬರುತ್ತೇನೆ, ರಾತ್ರಿ ಎಂದಿನಂತೆ ಚಾರ್ಜು ಮಾಡಿ ಎಂದಿನ ಜಾಗದಲ್ಲೇ ಇಡು ಎಂದು ಹೇಳಿ ಕಳಿಸಿದೆ.

ಬಸ್ಸು ಇಳಿದಾಗ ಜೋಳದ ಹೊಲಗಳ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ರೇಣು ಖಾಲಿ ಹಾಲಿನ ಕ್ಯಾನು ಹಿಡಿದು ಡೇರಿಯ ಮುಂದೆ ನಿಂತಿದ್ದಳು. ಅಂದು ಅಲ್ಲಿ ಜನರ ಸಾಲು ಇರಲಿಲ್ಲವಂತೆ, ಎಂದಿಗಿಂತ ಬೇಗ ಮುಗಿದಿತ್ತು. ಇಬ್ಬರೂ ಮನೆಯ ಕಡೆ ನಡೆದೆವು. ಓಣಿ ತಿರುಗಿದ ಕೂಡಲೇ ಅವಳು ನನ್ನ ಮೊಣಕೈ ಹಿಡಿದಳು.

ಸಪ್ಪಳ ಬರುತ್ತಿತ್ತು. ದಿನಕ್ಕೆ ಹತ್ತು ಸಲ ನನ್ನ ಅಂಗಡಿಯಲ್ಲಿ ಕೇಳುವ ಅದೇ ಸಪ್ಪಳ, ಖಾಲಿ ತಿರುಗುವ ಡ್ರಿಲ್ಲಿನ ಗುಂಯ್ ಎನ್ನುವ ಸಪ್ಪಳ. ಆದರೆ ಅಂಗಡಿಯಲ್ಲಿ ಅದು ಬಿಟ್ಟು ಬಿಟ್ಟು ಬರುತ್ತದೆ, ಕೆಲಸ ಮಾಡುವವರು ಗುಂಡಿ ಒತ್ತುತ್ತಾರೆ, ಬಿಡುತ್ತಾರೆ. ಇದು ಬಿಡುತ್ತಲೇ ಇರಲಿಲ್ಲ. ಎದುರು ಮನೆಯ ಹೆಂಗಸು ಅಂಗಳಕ್ಕೆ ನೀರು ಹಾಕುತ್ತಿದ್ದವಳು ನಮ್ಮನ್ನು ಕಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಅಕ್ಕಾರ, ಬ್ಯಾಡ್ರಿ," ಎಂದಳು ರೇಣು.

"ನಡೀ ಸುಮ್ನ," ಎಂದು ಗದರಿಸಿದೆ. ನನಗೂ ಅಂಜಿಕೆಯಾಗಿತ್ತು, ಅದಕ್ಕೇ ಗದರಿಸಿದ್ದು.

ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ, ಬಾಗಿಲಿಗೆ ಮುಖ ಮಾಡಿ, ರೇಣುವಿನ ಅತ್ತೆ ಲಗಮವ್ವ ಕೂತಿದ್ದಳು. ತೊಡೆಯ ಮೇಲೆ ಸೆರಗು ಹಾಸಿ, ಅದರಲ್ಲಿ ಮಶೀನು ಇಟ್ಟುಕೊಂಡು, ಎರಡೂ ಕೈಯಿಂದ ಗುಂಡಿ ಅದುಮಿ ಹಿಡಿದಿದ್ದಳು. ಮುಂದೆ ತಾಟಿನಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ, ಪಕ್ಕದಲ್ಲಿ ಒಂದು ತಂಬಿಗೆ ನೀರು. ಬಾಗಿಲಲ್ಲಿ ನಮ್ಮ ನೆರಳು ಬಿದ್ದಾಗ ಆ ಮುದುಕಿಯ ಮುಖ ಅರಳಿತು. ನಾವೆಂದು ತಿಳಿದ ಮೇಲೆ ಆ ಮುಖ ಏನಾಯಿತು ಎಂಬುದನ್ನು ಹೇಳಲು ನನಗೆ ಬರುವುದಿಲ್ಲ. ಕಣ್ಣು ನಮ್ಮನ್ನು ದಾಟಿ ಮತ್ತೆ ಅಂಗಳದ ಕಡೆ ಹೋಯಿತು.

"ಅತ್ತೀ!" ಎಂದು ರೇಣು ಚೀರಿ ಮುಂದೆ ನುಗ್ಗಿದಳು.

"ನಿಲ್ಲ, ರೇಣವ್ವಾ," ಎಂದಳು ಲಗಮವ್ವ, ಕೈ ಸಡಿಲಿಸದೆ. "ಬಾಗಲ ಬಿಟ್ಟ ಈ ಕಡೆ ಸರಕೋರಿ ಇಬ್ಬರೂ. ಇನ್ನೇನ ನಿಲ್ಲತೈತಿ."

ಆ ಮಾತಿನಲ್ಲಿ ಏನಿತ್ತೋ, ಊರಿಗೆಲ್ಲ ಬಾಯಿ ಮಾಡುವ ನಾನೂ ಸರಿದು ನಿಂತೆ. ಸಪ್ಪಳ ಸಣ್ಣದಾಯಿತು. ಒಮ್ಮೆ ತಡವರಿಸಿತು. ನಿಂತಿತು. ಮನೆಯಲ್ಲಿ ಒಲೆಯ ಬೆಂಕಿಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಲಗಮವ್ವ ಬಾಗಿಲು ನೋಡಿದಳು. ರೇಣು ನೋಡಿದಳು. ನಾನು ದೆವ್ವ ನಂಬದ ಹೆಂಗಸು, ನಾನೂ ಆ ಖಾಲಿ ಬಾಗಿಲನ್ನೇ ನೋಡಿದೆ. ಎಷ್ಟು ಹೊತ್ತು ನೋಡಿದೆವೋ ತಿಳಿಯದು.

"ಇವತ್ತೂ ಬರಲಿಲ್ಲ," ಎಂದು ಮುದುಕಿ ಮಶೀನನ್ನು ಸೆರಗಿನಿಂದ ಒರೆಸಿ ಮಗನ ಫೋಟೋದ ಮುಂದೆ ಇಟ್ಟಳು.

ವರ್ಷ ತುಂಬುವವರೆಗೆ ಸತ್ತವರಿಗೆ ದಿನಾ ಎಡೆ ತೆಗೆದಿಡುವ ಪದ್ಧತಿ ನಮ್ಮ ಕಡೆ ಕೆಲವು ಮನೆಗಳಲ್ಲಿ ಇದೆ. ಎಡೆ ಇಟ್ಟು, ಕೈಮುಗಿದು, ಆಮೇಲೆ ಅದನ್ನು ದನಕ್ಕೆ ಹಾಕುತ್ತಾರೆ. ಈ ಮಶೀನು ಯಾಕೆ ಎಂದು ನಾನು ಮೆಲ್ಲಗೆ ಕೇಳಿದೆ.

"ಅವಂಗ ಕೆಲಸದಾಗ ಬಿದ್ರ ಊಟದ ಖಬರ ಇರತಿರಲಿಲ್ಲ," ಎಂದಳು ಲಗಮವ್ವ. "ಮುಂಜಾನೆ ಅಂಗಳದಾಗ ಗುಂಯ್ ಅನಿಸ್ಕೋಂತ ಕುಂದರಾಂವ. 'ರೊಟ್ಟಿ ಆರಾಕತ್ಯಾವ, ಬಾರೋ ಅರ್ಜುನಾ' ಅಂದ್ರ, 'ಒಂದ ತೂತ ಬೇ ಯವ್ವಾ, ಬಂದ್ನಿ' ಅನ್ನಾಂವ. ಸಪ್ಪಳ ನಿಂತಿತಂದ್ರ ಬಾಗಲದಾಗ ಇರತಿದ್ದ. ನವಮಿಮಟ ಬರೇ ತಾಟ ಇಟ್ಟ ಕರದೆ, ಹಂಗ ಕರದ್ರ ಅಂವ ಯಾವಾಗ ಬಂದಾನ? ಸಪ್ಪಳ ನಿಂತ ಮ್ಯಾಲೇ ಬರಾಂವ ಅಂವ."

"ಹಂಗಾರ ಒಂದೀಟು ನಡಿಸಿ ಬಿಡಬೇಕಿಲ್ಲ ಯವ್ವಾ? ಪೂರಾ ಖಾಲಿ ಆಗೂಮಟ ಯಾಕ ಹಿಡೀತಿ?"

"ನಾ ಕೈ ಬಿಟ್ರ ನಾ ನಿಲ್ಲಿಸಿದಂಗ ಆತಲ್ಲ. ಅದು ತಾನ ನಿಲ್ಲಬೇಕು." ಸೊಸೆಯ ಕಡೆ ತಿರುಗಿದಳು. "ದಿನಾ ಸಂಜಿಕ ನೀ ತುಂಬಿಸಿ, ಮಶೀನಿಗೆ ಹಾಕಿ, ಅವನ ಮುಂದ ಇಡತಿದ್ದೆಲ್ಲ. ನಿನಗೂ ಗೊತ್ತೈತಿ ಅಂತ ತಿಳದಿದ್ದೆ. ನಿನ್ನ ಕೆಲಸಕ್ಕ ಅಡ್ಡಿ ಆತೇನವ್ವಾ?"

ರೇಣು ಕಂಬಕ್ಕೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಅಂಜಿಕೆ ಹೋಯಿತು, ಇನ್ನು ಹಗುರಾಗುತ್ತಾಳೆ ಎಂದು ನಾನು ಎಣಿಸಿದ್ದೆ. "ನೋಡಿದಿ? ದೆವ್ವನೂ ಇಲ್ಲ, ಗಾಳೀನೂ ಇಲ್ಲ. ನಿನ್ನ ಗಂಡನ ಸಿಟ್ಟೂ ಅಲ್ಲ," ಎಂದೆ.

"ಹಂಗಾರ ಅವರಲ್ಲೇನ್ರಿ?" ಎಂದಳು.

"ಅಲ್ಲ."

"ಒಂದ ದಿನಾನೂ ಅಲ್ಲೇನ್ರಿ?"

ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಬಾಯಿ ಬಿಟ್ಟರೆ ಬೈಗುಳವೇ ಬರುವ ನನ್ನ ಬಾಯಿಗೆ ಅಂದೂ ಅದೇ ಬಂತು. "ಹುಚ್ಚವ್ವಾ, ಅಷ್ಟ ಅಂಜಿಕಿ ಇದ್ರ ಬ್ಯಾಟರಿ ತಗದ ಬ್ಯಾರೆ ಯಾಕ ಇಡಲಿಲ್ಲ ನೀ? ನಾ ಬಡಕೊಂಡ ಹೇಳಿದ್ನೆಲ್ಲ?"

"ತಗದ ಇಟ್ರ ಅವರು ಹೆಂಗ ಕೆಲಸ ಮಾಡಬೇಕ್ರಿ?" ಎಂದಳು ರೇಣು.

ಲಗಮವ್ವ ಎದ್ದು ಬಂದು ಸೊಸೆಯ ಪಕ್ಕ ಕೂತು, ಅವಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. ನಾನು ಅಂಗಳಕ್ಕೆ ಬಂದು, ಮುಂದಿನ ಬಸ್ಸು ಎಷ್ಟಕ್ಕೆ ಎಂದು ಎದುರು ಮನೆಯ ಹೆಂಗಸಿಗೆ ಸುಮ್ಮನೆ ಜೋರಾಗಿ ಕೇಳಿದೆ.

ಅಂಗಡಿಗೆ ಮರಳಿದ ಮೇಲೆ ಗುಜರಿ ಡಬ್ಬ ಕೆದಕಿ, ಅದೇ ಅಳತೆಯ ಖಾಲಿ ಬ್ಯಾಟರಿ ಡಬ್ಬಿ ಹುಡುಕಿದೆ. ಹಳೆಯ ಪಂಪೊಂದರಿಂದ ತೆಗೆದ ಮೂರು ಸೆಲ್ಲುಗಳನ್ನು ಅದರೊಳಗೆ ಕೂಡಿಸಿದೆ. ದಣಿದ ಸೆಲ್ಲುಗಳು, ಕೆಲಸಕ್ಕೆ ಬರುವಂಥವಲ್ಲ. ಆದರೆ ರೊಟ್ಟಿ ಆರುವ ಮೊದಲು ತಾವಾಗಿ ನಿಲ್ಲುವಷ್ಟಕ್ಕೆ ಸಾಕು. ಇಂಥ ಬ್ಯಾಟರಿಯನ್ನು ಜನ್ಮದಲ್ಲಿ ಮಾಡಿರಲಿಲ್ಲ. ಬೇಗ ಖಾಲಿಯಾಗಲಿ ಎಂದು ಯಾರಾದರೂ ಬ್ಯಾಟರಿ ಮಾಡುತ್ತಾರೆಯೇ?

ರೇಣು ಅದನ್ನು ಅತ್ತೆಗೆಂದು ಒಯ್ದಳು. ಬೆಳಿಗ್ಗೆ ಲಗಮವ್ವನ ಎಡೆ ಮುಗಿದ ಮೇಲೆ ಒಳ್ಳೆಯ ಬ್ಯಾಟರಿ ಹಾಕಿಕೊಂಡು ಕೆಲಸಕ್ಕೆ ಹೋಗತೊಡಗಿದಳು. ಏಣಿಯ ಮೇಲೆ ಮಶೀನು ಮತ್ತೆ ನಿಲ್ಲಲಿಲ್ಲ. ಹೂಲಿಯ ಅಣ್ಣಂದಿರಿಗೆ ತಾನು ಬರುವುದಿಲ್ಲ ಎಂದು ತಾನೇ ಫೋನು ಮಾಡಿ ಹೇಳಿದಳಂತೆ.

ಹಾಸ್ಟೆಲಿನ ಕೆಲಸ ಮುಗಿದ ದಿನ ಸಂಜೆ ಅಂಗಡಿಗೆ ಬಂದಳು. ಮೈಕೈಯೆಲ್ಲ ಸಿಮೆಂಟಿನ ಧೂಳು. ರಿಪೇರಿಗೆ ಏನೂ ತಂದಿರಲಿಲ್ಲ. ಅಂದಾನೆಪ್ಪನ ಚಹಾ ತರಿಸಿದೆ, ಕುಡಿದಳು. ಕಪ್ಪು ಕೆಳಗಿಟ್ಟು, ಏನೋ ಕೇಳಲು ಬಂದವಳ ಹಾಗೆ ಕೂತಳು.

"ಏನ ಹೇಳ, ನುಂಗಬ್ಯಾಡ," ಎಂದೆ.

"ಏನಿಲ್ರಿ. ಆ ಚಲೋ ಬ್ಯಾಟರಿ ಐತೆಲ್ರಿ, ಅದನ್ನ ತುಂಬಿಸಿ ಇಟ್ರ, ಯಾರೂ ಮುಟ್ಟಲಿಲ್ಲಂದ್ರ, ಅದು ಇಳಿಯಂಗೇ ಇಲ್ಲೇನ್ರಿ?"

ಇಳಿಯುವುದಿಲ್ಲ ಎಂಬ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಬ್ಯಾಟರಿಯ ವಿಷಯದಲ್ಲಿ ನಾನು ಯಾರ ಮುಲಾಜಿಗೂ ಒಂದಕ್ಕೆರಡು ಹೇಳಿದವಳಲ್ಲ, ಹಾಗೆ ಹೇಳದೆ ಎಷ್ಟೋ ಗಿರಾಕಿಗಳನ್ನು ಕಳೆದುಕೊಂಡಿದ್ದೇನೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ಇಳೀತೈತಿ," ಎಂದೆ. "ಒಂದೀಟು ಇಳೀತೈತಿ."

"ಎಷ್ಟರಿ?"

"ಒಂದ ತೂತ ಹೊಡಿಯೋವಷ್ಟು."

"ಯಾರ..." ಎಂದವಳು ತಡೆದು, "ಯಾಕ ಇಳೀತೈತ್ರಿ?" ಎಂದಳು.

"ಅದು ನನಗೂ ತಿಳಿಯಂಗಿಲ್ಲವ್ವಾ. ಯಾರಿಗೂ ತಿಳಿಯಂಗಿಲ್ಲ."

ರೇಣು ತಲೆ ಅಲ್ಲಾಡಿಸಿದಳು. ಮಶೀನಿನ ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು ಎರಡೂ ಕೈಯಿಂದ ಹಿಡಿದುಕೊಂಡಳು, ಆಮೇಲೆ ಸಂಗೊಳ್ಳಿಯ ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದಳು.